ಉದ್ರಿಯನ್ನು ಜಮಾ ಬರೆಯಬೇಡಿ

ಮಾನ್ಯ ಕಂದಾಯ ಸಚಿವರಿಗೆ ಹಾಗೂ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ನಿರ್ದೇಶಕರಿಗೆ,

ದಾವಣಗೆರೆಯಿಂದ ಒಬ್ಬ ಅಜ್ಜನ ನಮಸ್ಕಾರಗಳು.

ವಿಷಯ: ಕೈಗೆ ಬಾರದ ಜೀವನಾಂಶವನ್ನು ಆದಾಯವೆಂದು ಹಿಡಿದು ಅಂಗವಿಕಲ ಮಗುವಿನ ಮಾಸಾಶನ ನಿಲ್ಲಿಸಿರುವ ಬಗ್ಗೆ.

ನಾನು ಇಲ್ಲಿನ ಎಪಿಎಂಸಿ ಯಾರ್ಡಿನ ದಲಾಲಿ ಮಂಡಿಯೊಂದರಲ್ಲಿ 31 ವರ್ಷ ಗುಮಾಸ್ತನಾಗಿದ್ದವನು. ಮೆಕ್ಕೆಜೋಳದ ಸುಗ್ಗಿಯಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ಟ್ರ್ಯಾಕ್ಟರುಗಳು ಬೆಳಗಿನ ಜಾವವೇ ಬಂದು ಸಾಲುಗಟ್ಟುತ್ತಿದ್ದವು. ತೂಕದ ಚೀಟಿ ಬರೆಯುವುದು, ಹಮಾಲಿ ಕಳೆಯುವುದು, ರಾತ್ರಿ ಕಿರ್ದಿ ಕೂಡಿಸಿ ಪೆಟ್ಟಿಗೆಯ ನಗದಿಗೆ ತಾಳೆ ನೋಡುವುದು ನನ್ನ ಕೆಲಸ. ಸೇರಿದ ಮೊದಲ ವಾರವೇ ಒಂದು ತಪ್ಪು ಮಾಡಿದ್ದೆ. ಖರೀದಿದಾರನೊಬ್ಬ "ಸೋಮವಾರ ಕೊಡ್ತೀನಿ, ಬರ್ಕೋ" ಅಂದ. ನಾನು ಬರೆದುಕೊಂಡೆ, ಆದರೆ ಉದ್ರಿ ಪುಟದಲ್ಲಿ ಬರೆಯುವ ಬದಲು ಜಮಾ ಕಡೆ ಬರೆದೆ. ರಾತ್ರಿ ಪೆಟ್ಟಿಗೆ ಎಣಿಸಿದರೆ ಲೆಕ್ಕಕ್ಕೂ ನೋಟಿಗೂ ಕೂಡಿಬರಲಿಲ್ಲ. ಸಾಹುಕಾರರು ಬೈಯಲಿಲ್ಲ. ವಹಿಯನ್ನು ನನ್ನ ಕಡೆ ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟು, "ಸೋಮವಾರ ಬರೋ ದುಡ್ಡನ್ನ ಇವತ್ತೇ ಪೆಟ್ಟಿಗೇಲಿಟ್ಟು ಬೀಗ ಹಾಕ್ತೀಯೇನೋ?" ಅಂದರು.

ಆಮೇಲೆ 31 ವರ್ಷ ಆ ತಪ್ಪು ನನ್ನ ಕೈಯಿಂದ ಆಗಲಿಲ್ಲ. ಈಗ ನಿಮ್ಮ ಇಲಾಖೆಯ ಕೈಯಿಂದ ಆಗಿದೆ.

ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಹುಟ್ಟುವಾಗ ತಕ್ಷಣ ಅಳಲಿಲ್ಲ, ಮೆದುಳಿಗೆ ಪೆಟ್ಟಾಯಿತು. ಸೆರೆಬ್ರಲ್ ಪಾಲ್ಸಿ ಅಂದರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಅಂಗವೈಕಲ್ಯ ಶೇ 80 ಎಂದಿದೆ. ಕೂರಿಸಿದರೆ ಕೂರುತ್ತಾಳೆ, ಬೆನ್ನಿಗೆ ಆನಿಕೆ ಬೇಕು. ಜಗಿಯಲಾಗುವುದಿಲ್ಲ. ಈ ಊರಿನಲ್ಲಿ ಹುಟ್ಟಿ ಮಂಡಕ್ಕಿ ತಿನ್ನದಿದ್ದರೆ ಹೇಗೆ ಅಂತ ಅವಳ ಅಮ್ಮ ಮಂಡಕ್ಕಿಯನ್ನು ಬಿಸಿ ಹಾಲಿನಲ್ಲಿ ನೆನೆಹಾಕಿ, ಬೆಣ್ಣೆಯಂತಾದ ಮೇಲೆ ಚಮಚದ ತುದಿಯಲ್ಲಿ ತುಟಿಯ ಬಲಬದಿಗೆ ಇಡುತ್ತಾಳೆ. ಎಡಬದಿಗೆ ಇಟ್ಟರೆ ಹೊರಗೆ ಬರುತ್ತದೆ. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ. ಹೀಗೆ ದಿನಕ್ಕೆ ನಾಲ್ಕು ಸಲ. ಈ ಮೂರು ಗಂಟೆಯನ್ನು ಆದಾಯ ಪ್ರಮಾಣ ಪತ್ರದ ಯಾವ ಕಾಲಂನಲ್ಲೂ ಬರೆಯಲಾಗುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಮಗಳು ಎರಡು ಸೀರೆಗೆ ಕುಚ್ಚು ಕಟ್ಟಬಹುದಿತ್ತು.

ಖರ್ಚಿನ ಮಾತೂ ಹೇಳಿಬಿಡುತ್ತೇನೆ. ಡೈಪರ್ ತಿಂಗಳಿಗೆ ಒಂದೂವರೆ ಸಾವಿರ ದಾಟುತ್ತದೆ. ಫಿಟ್ಸ್ ಔಷಧಿಯನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಆಟೋ. ಕಾಲು ಸೊಟ್ಟಗಾಗದಿರಲಿ ಎಂದು ಹಾಕುವ ಸ್ಪ್ಲಿಂಟ್ ಜೋಡಿಗೆ ಕಳೆದ ಸಲ ನಾಲ್ಕು ಸಾವಿರ ಕೊಟ್ಟೆವು. ಕಾಲು ಬೆಳೆಯುತ್ತದೆ, ಸ್ಪ್ಲಿಂಟ್ ಬೆಳೆಯುವುದಿಲ್ಲ. ವರ್ಷ ತುಂಬುವುದರೊಳಗೆ ಹಿಮ್ಮಡಿಯ ಹತ್ತಿರ ಕೆಂಪಗೆ ಗುರುತು ಬೀಳಲು ಶುರುವಾದರೆ ಹೊಸದಕ್ಕೆ ಹೊತ್ತಾಯಿತು ಅಂತ ಅರ್ಥ.

ಇವಳಿಗೆ ನಿಮ್ಮ ಇಲಾಖೆಯಿಂದ ತಿಂಗಳಿಗೆ 1,400 ರೂಪಾಯಿ ಬರುತ್ತಿತ್ತು. ಶೇ 40ರಿಂದ 75ರವರೆಗಿನವರಿಗೆ 800, ಅದಕ್ಕೆ ಮೇಲ್ಪಟ್ಟವರಿಗೆ 1,400. ನಾವು ಅಂಗವಿಕಲ ವೇತನ ಅನ್ನುತ್ತಿದ್ದೆವು, ಆಮೇಲೆ ವಿಕಲಚೇತನ ಅಂದಿರಿ, ಈಗ ವಿಶೇಷಚೇತನ ಅನ್ನುತ್ತೀರಿ. ಹೆಸರಿಗೇನೂ ಕಡಿಮೆ ಮಾಡಿಲ್ಲ. ಆ 1,400 ಡೈಪರಿಗೆ ಹೋಗುತ್ತಿತ್ತು, ನಮಗೆ ಅಷ್ಟೇ ಸಾಕಾಗಿತ್ತು.

ಮಗಳು ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷವಾಯಿತು. ಯಾಕೆ ಬಂದಳು ಎಂಬುದು ಮನೆಯ ಮಾತು, ಇಲ್ಲಿ ಬೇಡ. 2022ರಲ್ಲಿ ಮಗುವಿನ ಹೆಸರಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದೆವು. ಆಗ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಕೇಸು ಮುಗಿಯುವ ತನಕ ಕೊಡಬೇಕಾದ ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಅನ್ನುತ್ತದೆ ಕಾನೂನು. ನಮ್ಮದು ವಾಯಿದೆ ಮೇಲೆ ವಾಯಿದೆ ಬಿದ್ದು ಆದೇಶ ಬರುವಾಗ 21 ತಿಂಗಳು. ಮಗಳು ತನಗೆ ಏನೂ ಬೇಡ ಅಂದಳು. ಮಗುವಿಗೆ ತಿಂಗಳಿಗೆ 3,500 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಎಂದು ಆದೇಶವಾಯಿತು.

ಆ ದಿನ ಕೋರ್ಟಿನ ಹೊರಗೆ ಬೆಣ್ಣೆದೋಸೆ ತಿಂದು ಮನೆಗೆ ಬಂದೆವು. ಈಗ ನೆನೆಸಿಕೊಂಡರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು.

ಮಂಡಿ ಬಿಟ್ಟರೂ ವಹಿ ಬರೆಯುವ ಚಟ ಬಿಟ್ಟಿಲ್ಲ. ಮೊಮ್ಮಗಳ ಹೆಸರಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಕೆಂಪು ಬಟ್ಟೆಯ ಹೊದಿಕೆ, ದೀಪಾವಳಿ ಪೂಜೆಯಲ್ಲಿ ಇಟ್ಟು 'ಶ್ರೀ' ಬರೆದು ಶುರು ಮಾಡಿದ್ದು. ಎಡಗಡೆ 'ಬರಬೇಕಾದದ್ದು', ಬಲಗಡೆ 'ಬಂದದ್ದು'. ಹೋದ 12 ತಿಂಗಳಲ್ಲಿ ಎಡಗಡೆ 42,000. ಬಲಗಡೆ ಮೂರೇ ಮೂರು ನಮೂದು, ಒಟ್ಟು 10,500. ಬಾಕಿ 31,500.

ಇನ್ನು ಆ ಕಚೇರಿಯ ಕಥೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿದ್ದ ಗ್ರಾಮ ಆಡಳಿತ ಅಧಿಕಾರಿ ಒಳ್ಳೆಯ ಹುಡುಗ, ಅವನ ನೌಕರಿಗೆ ಸಂಚಕಾರ ಬರುವುದು ನನಗೆ ಬೇಡ. ಮಾಸಾಶನದ ಮರುಪರಿಶೀಲನೆಗೆ ಹೊಸ ಆದಾಯ ಪ್ರಮಾಣ ಪತ್ರ ಬೇಕೆಂದರು. ಮಗಳು ಹೋದಳು. ಹಳೆಯ ಪತ್ರದಲ್ಲಿ ಅವಳ ಹೊಲಿಗೆ, ಕುಚ್ಚಿನ ಕೆಲಸ ಹಿಡಿದು ವರ್ಷಕ್ಕೆ 24,000 ಅಂತಿತ್ತು. "ಬೇರೆ ಏನಾದ್ರೂ ವರಮಾನ ಐತೇನಮ್ಮಾ?" ಎಂದು ಕೇಳಿದ್ದಕ್ಕೆ, "ಮಗೂಗೆ ಜೀವನಾಂಶ ಆಗೈತ್ರಿ, ಸರಿಯಾಗಿ ಕೊಡ್ತಿಲ್ಲ" ಅಂದು ಆದೇಶದ ಪ್ರತಿಯನ್ನು ತಾನೇ ಚೀಲದಿಂದ ತೆಗೆದುಕೊಟ್ಟಳು. ಕೊಟ್ಟ ಮಾತಿನ ಮೊದಲರ್ಧ ಕಂಪ್ಯೂಟರಿಗೆ ಹೋಯಿತು, ಕೊನೆಯರ್ಧ ಹೋಗಲಿಲ್ಲ. 24,000ಕ್ಕೆ 42,000 ಕೂಡಿ ವಾರ್ಷಿಕ ಆದಾಯ 66,000. ಮಾಸಾಶನಕ್ಕೆ ಮಿತಿ 32,000. ಎರಡು ತಿಂಗಳಾದ ಮೇಲೆ ಖಾತೆಗೆ ದುಡ್ಡು ಬೀಳುವುದು ನಿಂತಿತು.

ಮಾರನೆಯ ದಿನ ನಾನು ನನ್ನ ಕೆಂಪು ವಹಿ ಮತ್ತು ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಹಿಡಿದು ಹೋದೆ. ಹುಡುಗ ಎದ್ದು ಕುರ್ಚಿ ಕೊಟ್ಟ. ಪಾಸ್‌ಬುಕ್ ತಿರುವಿ ನೋಡಿದ.

"ಅಜ್ಜಾರೆ, ನನಗೂ ಅರ್ಥ ಆಗ್ತದ್ರಿ. ಆದ್ರೆ ಆದೇಶದಾಗೆ 3,500 ಅಂತ ಐತಿ. ನಾಳೆ ಆಡಿಟ್‌ನೋರು ಕೇಳಿದ್ರೆ ನಾನೇನು ಹೇಳ್ಲಿ?"

"ಬಂದಿಲ್ಲ ಅಂತ ಹೇಳಪ್ಪ."

"ಬಂದಿಲ್ಲ ಅಂತ ಬರೆಯೋಕೆ ಇದ್ರಾಗೆ ಜಾಗ ಇಲ್ಲಲ್ರೀ."

ಇಡೀ ಪತ್ರದಲ್ಲಿ ನಾನು ಹೇಳಬೇಕಾದ್ದನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಜೀವನಾಂಶವನ್ನು ಹೇಗೆ ಲೆಕ್ಕ ಹಿಡಿಯಬೇಕು, ಆದೇಶವಾದದ್ದನ್ನೋ ಕೈಗೆ ಬಂದದ್ದನ್ನೋ, ಮಗುವಿನ ಪಾಲನ್ನು ತಾಯಿಯ ಆದಾಯ ಅನ್ನಬೇಕೋ ಬೇಡವೋ ಎಂಬ ಒಂದೇ ಒಂದು ಸಾಲು ನಾನು ನೋಡಿದ ಯಾವ ಅರ್ಜಿಯಲ್ಲೂ ಇಲ್ಲ. ಸಾಲಿಲ್ಲದ ಕಡೆ ನೌಕರ ತನ್ನ ತಲೆ ಉಳಿಯುವ ಹಾಗೆ ಬರೆಯುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆನೇನೋ. ಇನ್ನೊಂದು ತಮಾಷೆ ನೋಡಿ: ಮಗಳಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಅದು ನಿಜವಾಗಿ ಖಾತೆಗೆ ಬೀಳುವ ದುಡ್ಡು. ಅದನ್ನು ಆದಾಯವೆಂದು ಬರೆಯಲಿಲ್ಲ, ಬರೆಯಲೂ ಬಾರದು. ಸರ್ಕಾರ ಕೊಟ್ಟದ್ದು ಲೆಕ್ಕಕ್ಕಿಲ್ಲ, ಅಪ್ಪ ಕೊಡದೇ ಇದ್ದದ್ದು ಲೆಕ್ಕಕ್ಕಿದೆ!

ಕೋರ್ಟಿನಲ್ಲಿ ಇದರದೇ ಇನ್ನೊಂದು ಮಗ್ಗುಲು ನೋಡಿದ್ದೆ. ಆದೇಶಕ್ಕೆ ಮುಂಚೆ ಅಳಿಯನ ಕಡೆಯ ವಕೀಲರು ಎದ್ದು, ಮಗುವಿಗೆ ಸರ್ಕಾರದಿಂದ ಪ್ರತಿ ತಿಂಗಳು ಹಣ ಬರುತ್ತಿದೆ, ಆದ್ದರಿಂದ ಜೀವನಾಂಶ ಕಡಿಮೆ ಮಾಡಬೇಕು ಎಂದು ವಾದಿಸಿದರು. ಅಲ್ಲಿ ಮಾಸಾಶನ ತೋರಿಸಿ ಜೀವನಾಂಶ ಕಡಿಮೆ ಮಾಡಿಸುವುದು, ಇಲ್ಲಿ ಜೀವನಾಂಶ ತೋರಿಸಿ ಮಾಸಾಶನ ನಿಲ್ಲಿಸುವುದು. ಚನ್ನಗಿರಿ ಕಡೆಯ ಹೆಂಗಸರ ಕೈಯಲ್ಲಿ ಅಡಕತ್ತರಿ ಆಡುವುದನ್ನು ನೋಡಿದ್ದೀರಲ್ಲ, ನಡುವೆ ಇರುವ ಅಡಿಕೆಗೆ ಎರಡು ಕಡೆಯಿಂದಲೂ ಉಕ್ಕು. ನ್ಯಾಯಾಧೀಶರು ಆ ವಾದವನ್ನು ಎಷ್ಟು ಒಪ್ಪಿದರೋ ಬಿಟ್ಟರೋ, ನಾವು ಕೇಳಿದ್ದು 6,000, ಸಿಕ್ಕಿದ್ದು 3,500.

ಆ ವಕೀಲರಿಗೆ ಮತ್ತು ಅವರಂಥವರಿಗೆ ಒಂದು ಮಾತು. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟ ತೀರ್ಪನ್ನು ನಮ್ಮ ವಕೀಲರಮ್ಮ ನನಗೆ ಕೂರಿಸಿಕೊಂಡು ಓದಿ ಹೇಳಿದರು. ಮಗುವಿಗೆ ತೀವ್ರ ಅಂಗವೈಕಲ್ಯವಿದ್ದು ಸದಾ ಆರೈಕೆ, ಮತ್ತೆ ಮತ್ತೆ ಬರುವ ಖರ್ಚು ಇದ್ದರೆ ಜೀವನಾಂಶದ ಮೊತ್ತ ನಿಗದಿ ಮಾಡುವಾಗ ಅದನ್ನು ಗಣನೆಗೆ ತೆಗೆದುಕೊಳ್ಳಬೇಕು ಎಂದಿದೆ ಅದರಲ್ಲಿ. ಅಂದರೆ ಅಂಗವೈಕಲ್ಯದಿಂದ ಮೊತ್ತ ಏರಬೇಕು. ಅದೇ ತೀರ್ಪಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಪ್ರಮಾಣ ಪತ್ರ ಸಲ್ಲಿಸಬೇಕು ಎಂದಿದೆ; ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು ಎಂದೂ ಇದೆ. ಈ ಕೊನೆಯ ಮಾತು ನಮ್ಮ ಕೈಗೆ ಬಂದಿದ್ದರೆ 21 ತಿಂಗಳ ಹಳೆಯ ಬಾಕಿಯೇ 73,500 ಆಗುತ್ತಿತ್ತು. ಅದನ್ನು ನನ್ನ ವಹಿಯಲ್ಲಿ ಬೇರೆ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಇಂಕಿನಲ್ಲಿ ಬರೆಯುವ ಧೈರ್ಯ ಬಂದಿಲ್ಲ.

ವಸೂಲಿ ಮಾಡಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಮಾಡಬಹುದು. ಬಾಕಿಯಾದ ಒಂದೊಂದು ತಿಂಗಳಿಗೂ ವಾರಂಟ್ ಕೇಳಬಹುದು, ಕೊಡದಿದ್ದರೆ ಒಂದು ತಿಂಗಳ ತನಕ ಜೈಲಿಗೂ ಕಳಿಸಬಹುದು. ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ತಪ್ಪಿದರೆ ಆ ದಾರಿ ಮುಚ್ಚುತ್ತದೆ. ನಾವೂ ಹಾಕಿದೆವು. ವಾರಂಟ್ ಹೋಯಿತು. 'ಮನೆಗೆ ಬೀಗ ಹಾಕಿರುತ್ತದೆ' ಎಂಬ ಷರಾ ಹೊತ್ತು ವಾಪಸ್ ಬಂತು. ಎರಡನೇ ಸಲ ಹೋದಾಗ ಅಳಿಯ ಒಂದು ತಿಂಗಳದ್ದು ಹಾಕಿದ. ಬಂದ ಮೂರು ಕಂತುಗಳೂ ಹಾಗೆ ವಾರಂಟಿನ ಬೆನ್ನಿಗೆ ಬಂದವೇ. ಹೀಗೆ ಬಂದ 3,500 ಒಂದೊಂದಕ್ಕೂ ಕೋರ್ಟಿಗೆ ಓಡಾಡಿದ ಬಸ್ ಚಾರ್ಜು, ಆ ದಿನದ ಕೂಲಿ ಖೋತಾ, ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಕೈಮುಗಿದದ್ದು ಇವೆಲ್ಲ ಸೇರುತ್ತವೆ. ಯಾವ ವ್ಯಾಪಾರಿಯೂ ಇಂಥದ್ದನ್ನು 'ಆದಾಯ' ಅನ್ನುವುದಿಲ್ಲ. ಮಂಡಿಯಲ್ಲಿ ಇದಕ್ಕೆ 'ಬಾರದ ಬಾಕಿ' ಅಂತಲೇ ಹೆಸರು.

ಈಗ ನಮ್ಮ ಓಣಿಯಲ್ಲಿ ಹುಟ್ಟಿಕೊಂಡಿರುವ ಬುದ್ಧಿಮಾತು ಕೇಳಿ. "ಸುಮ್ನೆ ಕೇಸ್ ವಾಪಸ್ ತಗೊಂಡ್ಬಿಡ್ರಿ. ಆದೇಶಾನೇ ಇಲ್ಲ ಅಂದ್ರೆ ಸರ್ಕಾರದ್ದಾದ್ರೂ ಬರ್ತದೆ." ಹೇಳುವವರು ಕೆಟ್ಟವರಲ್ಲ, ಲೆಕ್ಕ ಬಲ್ಲವರು. ಬರುವ 1,400 ಬಾರದ 3,500ಕ್ಕಿಂತ ದೊಡ್ಡದು. ಇನ್ನೊಬ್ಬರು, "ಆದೇಶದ ಕಾಪಿ ಯಾಕೆ ಕೊಟ್ರಿ? ಗಂಡ ಬಿಟ್ಟೋಗ್ಯಾನ ಅಂದಿದ್ರೆ ಸಾಕಿತ್ತು" ಅಂದರು. ಮಗಳು ಅವತ್ತು ರಾತ್ರಿ ನನ್ನನ್ನು ಕೇಳಿದಳು, "ಅಪ್ಪಾ, ನಿಜ ಹೇಳಿದ್ದೇ ತಪ್ಪಾಯ್ತೇನು?" ವಹಿಯ ವಿಷಯಕ್ಕೆ ಯಾವತ್ತೂ ಉತ್ತರಕ್ಕೆ ತಡಕಾಡದ ನಾನು ಅವತ್ತು ಲಾಟೀನಿನ ಗಾಜು ಒರೆಸುವ ನೆಪದಲ್ಲಿ ಎದ್ದುಹೋದೆ. ಕರೆಂಟು ಹೋಗಿರಲಿಲ್ಲ.

ಮಾನ್ಯರೇ, ಈ ಬುದ್ಧಿಮಾತಿನಿಂದ ನಷ್ಟ ಯಾರಿಗೆ ನೋಡಿ. ತಾಯಿ ಕೇಸು ಬಿಟ್ಟರೆ ಅಪ್ಪನ ಹೆಗಲಿನ ಭಾರ ಪೂರ್ತಿ ಇಳಿಯಿತು. ಆ ಭಾರ ಬೊಕ್ಕಸದ ಮೇಲೆ ಬಿತ್ತು. ದುಡಿಯುವ ಅಪ್ಪಂದಿರು ಜವಾಬ್ದಾರಿಯಿಂದ ಜಾರಿಕೊಳ್ಳಲು ನಿಮ್ಮ ಲೆಕ್ಕವೇ ದಾರಿ ತೋರಿಸಿದಂತಾಯಿತು. ಸರ್ಕಾರಕ್ಕೆ ಉಳಿತಾಯ ಆಗಲಿ ಎಂದು ತಾನೆ ಆದಾಯ ಮಿತಿ ಇಟ್ಟಿರುವುದು?

ನಮ್ಮ ಹಳೆಯ ಸಾಹುಕಾರರ ಮಗ ಅಮೆರಿಕದಲ್ಲಿದ್ದಾನೆ. ಹಬ್ಬಕ್ಕೆ ಫೋನ್ ಮಾಡುತ್ತಾನೆ. ಈ ಸಂಕಟ ಹೇಳಿಕೊಂಡಾಗ ಅಲ್ಲಿಯ ಲೆಕ್ಕ ಹೇಳಿದ. ಅಲ್ಲಿ ಬಡ ಅಂಗವಿಕಲರಿಗೆ, ಮಕ್ಕಳೂ ಸೇರಿ, ಎಸ್‌ಎಸ್‌ಐ ಎಂಬ ಸಹಾಯಧನ 1974ರಿಂದ ಇದೆ. 2025ರಲ್ಲಿ ತಿಂಗಳಿಗೆ ಹೆಚ್ಚೆಂದರೆ 967 ಡಾಲರ್ ಇತ್ತು. ದೂರವಿರುವ ಅಪ್ಪ ಮಗುವಿಗೆ ಕೊಡುವ ಜೀವನಾಂಶದಲ್ಲಿ ಮೂರರಲ್ಲಿ ಒಂದು ಪಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಉಳಿದದ್ದರಲ್ಲಿ ಮತ್ತೆ 20 ಡಾಲರ್ ಬಿಟ್ಟು ಮಿಕ್ಕಿದ್ದನ್ನು ಸಹಾಯಧನದಲ್ಲಿ ಕಳೆಯುತ್ತಾರೆ. ಅಪ್ಪ 300 ಕೊಟ್ಟರೆ 100 ಬಿಟ್ಟರು, 200 ಉಳಿಯಿತು. 20 ಬಿಟ್ಟರು, 180 ಉಳಿಯಿತು. ಮಗುವಿಗೆ ಬೇರೆ ಆದಾಯವಿಲ್ಲದಿದ್ದರೆ 967ರಲ್ಲಿ 180 ಕಳೆದು 787 ಬರುತ್ತಿತ್ತು, ಅಪ್ಪನ 300 ಬೇರೆ. ತಾಯಿಯ ದುಡಿಮೆಗೆ ಬೇರೆಯದೇ ಲೆಕ್ಕವಿದೆ. ಅಪ್ಪ ಕೊಡದ ತಿಂಗಳು ಆದೇಶ ಏನೇ ಇರಲಿ, ಆ ಬಾಬ್ತಿನಲ್ಲಿ ಕಳೆಯುವುದಕ್ಕೆ ಏನೂ ಇರುವುದಿಲ್ಲ.

ಅಲ್ಲಿಯದ್ದೂ ಧಾರಾಳ ಅಂತ ನನಗನಿಸಲಿಲ್ಲ. ಮೂರರಲ್ಲಿ ಎರಡು ಪಾಲು ಹೋಗುತ್ತದಲ್ಲ! ಬ್ರಿಟನ್ನಿನಲ್ಲಿ ಅಂಗವಿಕಲ ಮಗುವಿನ ಭತ್ಯೆಗೆ ಮನೆಯ ಆದಾಯವನ್ನೇ ಕೇಳುವುದಿಲ್ಲ. ಆದರೆ ಅಮೆರಿಕದ ಲೆಕ್ಕದಲ್ಲಿ ಎರಡು ಗುಣ ಇದೆ: ಬಂದದ್ದನ್ನು ಮಾತ್ರ ಎಣಿಸುತ್ತಾರೆ, ಮತ್ತು ಮಿತಿ ದಾಟಿದ ಕೂಡಲೇ ಪೂರ್ತಿ ಬಾಗಿಲು ಹಾಕದೆ ಬಂದಷ್ಟಕ್ಕೆ ತಕ್ಕಂತೆ ಕಡಿಮೆ ಮಾಡುತ್ತಾರೆ. ನಮ್ಮಲ್ಲಿ 31,999 ಇದ್ದರೆ 1,400 ಪೂರ್ತಿ, 32,001 ಆದರೆ ಸೊನ್ನೆ.

ಅದೇ ತಕ್ಕಡಿಯಲ್ಲಿ ನಮ್ಮದನ್ನು ತೂಗಿ ನೋಡಿದೆ. ಮಗಳ ದುಡಿಮೆ 24,000. ನಿಜವಾಗಿ ಬಂದ ಜೀವನಾಂಶ 10,500. ಕೂಡಿದರೆ 34,500, ಆಗಲೂ ಮಿತಿ ದಾಟುತ್ತದೆ! ಮೂರರಲ್ಲಿ ಒಂದು ಪಾಲು ಬಿಟ್ಟರೆ 7,000; ಒಟ್ಟು 31,000. ಸಾವಿರ ರೂಪಾಯಿ ಅಂತರದಲ್ಲಿ ಬಾಗಿಲ ಒಳಗೆ ಬಂದೆವು. ಹಾಗಾಗಿ ನಾನು ಕೇಳುತ್ತಿರುವುದು ಬಂದದ್ದನ್ನು ಮಾತ್ರ ಎಣಿಸಿ ಎಂಬಷ್ಟಕ್ಕೆ ನಿಲ್ಲುವುದಿಲ್ಲ. ಮಗುವಿನ ಹೆಸರಿನಲ್ಲಿ ಆದ ಜೀವನಾಂಶ ಮಗುವಿನದು. ಅದು ಡೈಪರ್, ಸ್ಪ್ಲಿಂಟ್, ಔಷಧಿಯಾಗಿ ಹೋಗುತ್ತದೆ, ತಾಯಿಯ ಆದಾಯವಾಗಿ ಉಳಿಯುವುದಿಲ್ಲ.

ಇದು ಬರೀ ನನ್ನ ತರ್ಕವಲ್ಲ, ನಮ್ಮ ದೇಶದ ಕಾನೂನೇ ಇನ್ನೊಂದು ಕಡೆ ಒಪ್ಪಿಕೊಂಡ ಮಾತು. ಮಂಡಿಯ ಲೆಕ್ಕ ನೋಡಲು ಬರುತ್ತಿದ್ದ ಆಡಿಟರಿಂದ ಕಲಿತದ್ದು: 1961ರ ಆದಾಯ ತೆರಿಗೆ ಕಾಯ್ದೆಯ 64(1ಎ) ಕಲಂ ಪ್ರಕಾರ ಅಪ್ರಾಪ್ತ ಮಕ್ಕಳ ಆದಾಯವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಿ ತೆರಿಗೆ ಹಾಕಬೇಕಿತ್ತು. ಆದರೆ 80ಯು ಕಲಂನಲ್ಲಿ ಹೇಳಿದ ಅಂಗವೈಕಲ್ಯ ಇರುವ ಮಗುವಾಗಿದ್ದರೆ ಸೇರಿಸುವಂತಿರಲಿಲ್ಲ. ತೆರಿಗೆ ಕಟ್ಟುವಷ್ಟು ಇರುವವರ ಮನೆಯ ಅಂಗವಿಕಲ ಮಗುವಿನ ದುಡ್ಡು ಬೇರೆ, ಅಪ್ಪ ಅಮ್ಮನ ದುಡ್ಡು ಬೇರೆ. ಕುಚ್ಚು ಕಟ್ಟಿ ಬದುಕುವವಳ ಮನೆಯಲ್ಲಿ ಮಾತ್ರ ಎರಡೂ ಒಂದೇ ಹೇಗಾಯಿತು?

32,000ದ ಬಗ್ಗೆಯೂ ಹೇಳದೆ ಇರಲಾರೆ. ದಿನಕ್ಕೆ 88 ರೂಪಾಯಿಗಿಂತ ಕಡಿಮೆ ಆಯಿತು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಬ್ಬರೇ 100 ದಿನ ಕೆಲಸ ಮಾಡಿದರೆ 37,000. ಅಂದರೆ ಸರ್ಕಾರವೇ ಖಾತ್ರಿ ಕೊಟ್ಟ ಕೆಲಸವನ್ನು ಪೂರ್ತಿ ಮಾಡಿದ ತಾಯಿ ಸರ್ಕಾರದ ಲೆಕ್ಕದಲ್ಲಿ ಅನುಕೂಲಸ್ಥೆ! ಪಡಿತರ ಚೀಟಿಗೆ ಬಂದರೆ ವರ್ಷಕ್ಕೆ 1.20 ಲಕ್ಷದವರೆಗೂ ಬಡವರೇ. ಒಂದೇ ಸರ್ಕಾರದ ಒಂದು ಕೌಂಟರಿನಲ್ಲಿ ಬಡವಿ, ಪಕ್ಕದ ಕೌಂಟರಿನಲ್ಲಿ ಅಲ್ಲ. ಉಚಿತ ಕಾನೂನು ನೆರವಿಗಂತೂ ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ 1987ರ ಕಾಯ್ದೆಯ ಪ್ರಕಾರ ಆದಾಯ ಕೇಳುವುದೇ ಇಲ್ಲ. ನಮಗೆ ವಕೀಲರಮ್ಮ ಸಿಕ್ಕಿದ್ದು ಹಾಗೆಯೇ. ಗೊತ್ತಿಲ್ಲದವರು ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಒಂದು ಅರ್ಜಿ ಕೊಡಿ, ಸಾಲ ಮಾಡಿ ವಕೀಲರನ್ನು ಹಿಡಿಯಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಸಾಮಾಜಿಕ ಭದ್ರತೆಯ ಮಾತಾಡುತ್ತದೆ. ಬೇರೆಯವರಿಗೆ ಇರುವ ಅಂಥದೇ ಯೋಜನೆಗಳಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ಸಿಗಬೇಕು ಎನ್ನುತ್ತದೆ. ಪಿಂಚಣಿಗೆ ಆದಾಯ ಮಿತಿ ಎಷ್ಟಿರಬೇಕು ಎಂಬುದನ್ನು ಸರ್ಕಾರದ ಕೈಗೇ ಬಿಟ್ಟಿದೆ. ಹಾಗಾಗಿ ವಿಧಾನಸಭೆ ಸೇರಬೇಕಿಲ್ಲ, ಹೊಸ ಕಾಯ್ದೆ ಬೇಕಿಲ್ಲ. ನಿಮ್ಮ ಸಹಿಯ ಒಂದು ಸುತ್ತೋಲೆ ಸಾಕು. ನಾನೇ ಕರಡು ಬರೆದುಕೊಡುತ್ತೇನೆ, ಗುಮಾಸ್ತನ ಭಾಷೆ ತಿದ್ದಿಕೊಳ್ಳಿ:

"ಅಂಗವಿಕಲ ಮಗುವಿಗೆಂದು ನ್ಯಾಯಾಲಯ ಆದೇಶಿಸಿದ ಜೀವನಾಂಶವನ್ನು ಮಾಸಾಶನದ ಉದ್ದೇಶಕ್ಕೆ ಕುಟುಂಬದ ಆದಾಯವೆಂದು ಪರಿಗಣಿಸತಕ್ಕದ್ದಲ್ಲ. ತಾಯಿಗೆಂದು ಆದೇಶಿಸಿದ ಜೀವನಾಂಶವಿದ್ದಲ್ಲಿ, ಹಿಂದಿನ 12 ತಿಂಗಳಲ್ಲಿ ಬ್ಯಾಂಕ್ ಖಾತೆಗೆ ವಾಸ್ತವವಾಗಿ ಜಮಾ ಆದ ಮೊತ್ತವನ್ನು ಮಾತ್ರ ಪರಿಗಣಿಸತಕ್ಕದ್ದು. ಆದಾಯದ ಕಾರಣಕ್ಕೆ ಮಾಸಾಶನ ನಿಲ್ಲಿಸುವ ಮುನ್ನ ಲಿಖಿತ ನೋಟಿಸ್ ನೀಡಿ ಅಹವಾಲು ಕೇಳತಕ್ಕದ್ದು."

ಇಷ್ಟೇ. ಆ ಹುಡುಗನಿಗೆ ಆಡಿಟ್‌ನವರ ಮುಂದೆ ಇಡಲು ಒಂದು ಕಾಗದ ಸಿಗುತ್ತದೆ. ಅರ್ಜಿ ನಮೂನೆಯಲ್ಲಿ 'ಬಂದಿಲ್ಲ' ಎಂದು ಬರೆಯಲು ಒಂದು ಚೌಕ ಸೇರಿಸಿದರೆ ಇನ್ನೂ ಒಳ್ಳೆಯದು. ಬೊಕ್ಕಸಕ್ಕೆ ಭಾರವಾಗುತ್ತದೆ ಎಂದಾದರೆ ಇನ್ನೊಂದು ದಾರಿಯೂ ಇದೆ: ಮಾಸಾಶನ ಕೊಡುತ್ತಲೇ ಇರಿ, ಬಾಕಿ ವಸೂಲಿಗೆ ನೀವೇ ಅಪ್ಪನ ಬೆನ್ನು ಹತ್ತಿ. ಭೂಕಂದಾಯದ ಬಾಕಿಯನ್ನು ವಸೂಲಿ ಮಾಡಿ ಪಳಗಿದ ಇಲಾಖೆ ನಿಮ್ಮದು. 'ಮನೆಗೆ ಬೀಗ' ಎಂಬ ಷರಾ ನಿಮಗೆ ಯಾರೂ ಬರೆದುಕೊಡಲಾರರು.

ಈ ಪತ್ರ ಓದುತ್ತಿರುವ ಇಂಥದೇ ಮನೆಯ ತಾಯಂದಿರಿಗೂ ನನಗೆ ತಿಳಿದಷ್ಟು ಹೇಳುತ್ತೇನೆ. ಜೀವನಾಂಶವನ್ನು ಕೈಗೆ ತೆಗೆದುಕೊಳ್ಳಬೇಡಿ, ಖಾತೆಗೇ ಹಾಕಿಸಿಕೊಳ್ಳಿ. ಬಂದದ್ದಕ್ಕೂ ಬಾರದ್ದಕ್ಕೂ ಪಾಸ್‌ಬುಕ್ಕೇ ಸಾಕ್ಷಿ. ಬಾಕಿ ಒಂದು ವರ್ಷ ದಾಟಲು ಬಿಡಬೇಡಿ. ಕಚೇರಿಗೆ ಆದೇಶದ ಪ್ರತಿ ಕೊಡುವಾಗ ಅದರ ಜೊತೆಗೇ ಪಾಸ್‌ಬುಕ್ ಪ್ರತಿ ಲಗತ್ತಿಸಿ ಸ್ವೀಕೃತಿ ತೆಗೆದುಕೊಳ್ಳಿ. ನಾವು ಇದನ್ನು ಮಾಡಲಿಲ್ಲ. ಮಗುವಿಗೆ 18 ತುಂಬಿತು, ಇನ್ನು ಅಪ್ಪನಿಗೆ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಗವೈಕಲ್ಯದಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಮಗುವಿಗೆ 18ರ ನಂತರವೂ ಜೀವನಾಂಶದ ಹಕ್ಕು ಇದೆ ಎಂದು ಅದೇ 144ನೇ ಕಲಂ ಹೇಳುತ್ತದೆ. ಮತ್ತೆ, ಕಚೇರಿಯಲ್ಲಿ ನಿಜವನ್ನೇ ಹೇಳಿ. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು, ಆದರೂ ಬರೆದಿದ್ದೇನೆ.

ಮಾನ್ಯರೇ, ಈ ಪತ್ರದ ಜೊತೆ ಆದೇಶದ ಪ್ರತಿ, ಪಾಸ್‌ಬುಕ್ಕಿನ ಹನ್ನೆರಡು ತಿಂಗಳ ಪುಟಗಳು ಮತ್ತು ನನ್ನ ಕೆಂಪು ವಹಿಯ ಎರಡು ಪುಟಗಳ ಜೆರಾಕ್ಸ್ ಲಗತ್ತಿಸಿ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಜೆರಾಕ್ಸಿನಲ್ಲಿ ಪೆನ್ಸಿಲ್ ಬರಹ ಮೂಡಿಲ್ಲ, ಆ 73,500 ನಿಮಗೆ ಕಾಣಿಸದು.

ಈ ತಿಂಗಳ 5ನೇ ತಾರೀಖು ಕಳೆದು ಒಂಬತ್ತು ದಿನವಾಯಿತು. ಎಡಗಡೆ 3,500 ಬರೆದಾಗಿದೆ. ಬಲಗಡೆ ಇನ್ನೂ ಏನೂ ಬರೆದಿಲ್ಲ. ಸೊನ್ನೆಯನ್ನು ತಿಂಗಳ ಕೊನೆಯ ರಾತ್ರಿಯೇ ಬರೆಯುವುದು ನನ್ನ ರೂಢಿ.

ಇಂತಿ ತಮ್ಮ ವಿಶ್ವಾಸಿ,
ಮಂಡಿಯ ನಿವೃತ್ತ ಗುಮಾಸ್ತ,
ದಾವಣಗೆರೆ